ಪಿಎಲ್ ಬೈ ಎಇ ಉತ್ತರ ಹೊಂದದಿದ್ದಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ರೆಕಾರ್ಡ್ ಪುಸ್ತಕದಲ್ಲಿ ಹುಡುಗ ಬರೆದಿದ್ದು ಇಷ್ಟೇ: ಯಂಗ್ಸ್ ಮಾಡ್ಯುಲಸ್ (ಎಳೆದಾಗ ವಸ್ತು ಹಿಗ್ಗದೆ ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಅಳತೆ) 5.6 ಗಿಗಾಪಾಸ್ಕಲ್. ಯುಟಿಎಂನಲ್ಲಿ, ಅಂದರೆ ಸರಳನ್ನು ಎಳೆದು ಪರೀಕ್ಷಿಸುವ ಯಂತ್ರದಲ್ಲಿ, ಎಳೆದದ್ದು 12 ಮಿಮೀ ದಪ್ಪದ ಮೈಲ್ಡ್ ಸ್ಟೀಲ್ ಸರಳು. ಉಕ್ಕಿಗೆ ಬರಬೇಕಾದದ್ದು 200ರ ಆಸುಪಾಸು. 5.6 ಅಂದರೆ ಪ್ಲಾಸ್ಟಿಕ್ ಎಳೆದ ಹಾಗಾಯಿತು.

"ಮೇಡಂ, ಮಷೀನೇ ಸರಿ ಇಲ್ಲ" ಎಂದ ಅವನು. ಪಕ್ಕದ ಹುಡುಗಿಗೆ ಪಿಎಲ್ ಬೈ ಎಇ ಎಂಬ ಹಿಗ್ಗುವಿಕೆಯ ಸೂತ್ರದ ಮೇಲೇ ಅನುಮಾನ.

ನಮ್ಮ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಈ ಥರದ ರೀಡಿಂಗ್ ಪ್ರತಿ ವರ್ಷ ಬರುತ್ತದೆ. ಎಷ್ಟೋ ಮಕ್ಕಳು ಸುಮ್ನೆ ಅದನ್ನು ಅಳಿಸಿ 200 ಎಂದು ಬರೆದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ನನಗೆ ಅದು ತುಂಬಾ ಬೇಜಾರಿನ ವಿಷಯ. ತಪ್ಪಾದ ಉತ್ತರದಲ್ಲೇ ತಪ್ಪು ಎಲ್ಲಿದೆ ಎಂಬುದರ ಸುಳಿವು ಇರುತ್ತದೆ. ಅಳಿಸಿದರೆ ಸುಳಿವೂ ಹೋಯಿತು.

ಈ ಬರಹ ಆ ಸುಳಿವು ಹಿಡಿಯುವುದು ಹೇಗೆ ಎಂಬುದರ ಬಗ್ಗೆ. ಲ್ಯಾಬಿನ ರೀಡಿಂಗ್ ಇರಲಿ, ಪರೀಕ್ಷೆಯ ಲೆಕ್ಕ ಇರಲಿ, ಸೈಟಿನಲ್ಲಿ ತೂಗುಹಾಕಿದ ಕಂಬಿ ಇರಲಿ, ಹುಡುಕುವ ದಾರಿ ಒಂದೇ. ಮೊದಲಿನಿಂದ ಕೊನೆಯವರೆಗೆ ಒಂದು ಪ್ರಶ್ನೆ ಕೈಯಲ್ಲಿ ಇಟ್ಟುಕೊಳ್ಳಿ: ಸೂತ್ರ ಯಾವ ತುಂಡಿನ ಬಗ್ಗೆ ಹೇಳುತ್ತಿದೆ, ನಾನು ಅಳೆದದ್ದು ಅದೇ ತುಂಡನ್ನಾ?

ಮೊದಲು, ಎಷ್ಟು ಬರಬೇಕಿತ್ತು?

ರೋಗ ಗೊತ್ತಾಗಬೇಕಾದರೆ ಆರೋಗ್ಯ ಹೇಗಿರುತ್ತದೆ ಎಂದು ಗೊತ್ತಿರಬೇಕು. ಹಾಗಾಗಿ ಅಳೆದ ಸಂಖ್ಯೆಯನ್ನು ಪಕ್ಕಕ್ಕಿಟ್ಟು ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ.

ಸ್ಟ್ರೆಸ್ ಅಂದರೆ ಲೋಡನ್ನು ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಹಂಚಿದ್ದು. ಸ್ಟ್ರೇನ್ ಅಂದರೆ ಹಿಗ್ಗಿದ ಉದ್ದವನ್ನು ಮೂಲ ಉದ್ದದಿಂದ ಭಾಗಿಸಿದ್ದು. ಸ್ಟ್ರೆಸ್ಸನ್ನು ಸ್ಟ್ರೇನಿನಿಂದ ಭಾಗಿಸಿದರೆ ಇ, ಅಂದರೆ ಯಂಗ್ಸ್ ಮಾಡ್ಯುಲಸ್. ಮೂರನ್ನೂ ಸೇರಿಸಿದರೆ ಹಿಗ್ಗುವಿಕೆ ಪಿಎಲ್ ಬೈ ಎಇ. ಪಿ ಲೋಡು, ಎಲ್ ಉದ್ದ, ಎ ವಿಸ್ತೀರ್ಣ.

ನಮ್ಮ ಸರಳಿಗೆ ಹಾಕಿ ನೋಡೋಣ. ವಿಸ್ತೀರ್ಣ 113.1 ಚದರ ಮಿಮೀ. ಲೋಡು 20 ಕಿಲೋನ್ಯೂಟನ್, ಅಂದರೆ 20000 ನ್ಯೂಟನ್. ಸ್ಟ್ರೆಸ್ 176.8 ಮೆಗಾಪಾಸ್ಕಲ್. ಮೈಲ್ಡ್ ಸ್ಟೀಲ್ ಸುಮಾರು 250ಕ್ಕೆ ಯೀಲ್ಡ್ ಆಗುತ್ತದೆ, ಅಂದರೆ ಲೋಡು ತೆಗೆದರೂ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಇದು ಅದಕ್ಕಿಂತ ಕೆಳಗಿದೆ. ಹಾಗಾಗಿ ಸೂತ್ರ ಬಳಸಬಹುದು. ಉಕ್ಕಿನ 200 ಗಿಗಾಪಾಸ್ಕಲ್ ಅಂದರೆ 200000 ಮೆಗಾಪಾಸ್ಕಲ್, ಹಾಗಾಗಿ ಸ್ಟ್ರೇನ್ 176.8 ÷ 200000 = 0.000884. ಸರಳಿನ ಮೇಲೆ ಪಂಚ್ ಹೊಡೆದು ಗುರುತು ಮಾಡಿದ್ದ ಗೇಜ್ ಉದ್ದ, ಅಂದರೆ ಹಿಗ್ಗುವಿಕೆ ಅಳೆಯಲು ಆರಿಸಿಕೊಂಡ ತುಂಡು, 60 ಮಿಮೀ. ಅದರಲ್ಲಿ ಹಿಗ್ಗಬೇಕಾದದ್ದು 0.053 ಮಿಮೀ.

ಈ 0.053 ಎಷ್ಟು ಸಣ್ಣದು ಎಂದು ಒಂದು ಕ್ಷಣ ಯೋಚಿಸಿ. ಮಾಮೂಲಿ ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿಮೀ. ಅದರ ಅರ್ಧ. ಎರಡು ಟನ್ ತೂಕ ನೇತುಹಾಕಿದರೆ 60 ಮಿಮೀ ಉಕ್ಕು ಹಾಳೆಯ ಅರ್ಧ ದಪ್ಪದಷ್ಟು ಮಾತ್ರ ಉದ್ದವಾಗುತ್ತದೆ. ಇದು ಮನಸ್ಸಿನಲ್ಲಿ ಕೂತರೆ ಮುಕ್ಕಾಲು ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಹುಡುಗ ತನ್ನ ಪುಸ್ತಕದಲ್ಲಿ ಬರೆದಿದ್ದ ಹಿಗ್ಗುವಿಕೆ 1.9 ಮಿಮೀ!

ಎಷ್ಟು ಪಟ್ಟು ತಪ್ಪಿದೆ?

ಬರಬೇಕಾದದ್ದನ್ನೂ ಬಂದದ್ದನ್ನೂ ಭಾಗಿಸಿ. ಆ ಪಟ್ಟು ಎಷ್ಟು ಎಂಬುದೇ ಅನೇಕ ಸಲ ತಪ್ಪಿನ ಹೆಸರು ಹೇಳಿಬಿಡುತ್ತದೆ.

ಸರಿಯಾಗಿ 1000 ಪಟ್ಟು ಅಥವಾ ಸಾವಿರದಲ್ಲೊಂದು ಪಾಲು ಬಂದರೆ ಕಿಲೋನ್ಯೂಟನ್ನನ್ನು ನ್ಯೂಟನ್ ಮಾಡಿಲ್ಲ, ಇಲ್ಲವೇ ಮೀಟರನ್ನು ಮಿಮೀ ಮಾಡಿಲ್ಲ. ಹತ್ತು ಲಕ್ಷ ಪಟ್ಟು ಬಂದರೆ ಚದರ ಮೀಟರು, ಚದರ ಮಿಮೀ ಕಲಸಿಹೋಗಿದೆ. 4 ಪಟ್ಟು ಬಂದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಕೂತಿದೆ. 1.27 ಪಟ್ಟು ಬಂದರೆ ವ್ಯಾಸದ ವರ್ಗ ತೆಗೆದು ಪೈ ಬೈ 4ರಿಂದ ಗುಣಿಸುವುದನ್ನು ಮರೆತಿದ್ದೀರಿ. 9.81 ಪಟ್ಟು ಬಂದರೆ ಲೋಡು ಕಿಲೋಗ್ರಾಮಿನಲ್ಲಿದೆ, ನೀವು ಅದನ್ನು ನ್ಯೂಟನ್ ಅಂದುಕೊಂಡಿದ್ದೀರಿ. ಹಳೆಯ ಯಂತ್ರಗಳ ಡಯಲ್ ಟನ್ನಿನಲ್ಲಿ ಇರುತ್ತದೆ, ಅಲ್ಲಿ ಇದು ಸಾಮಾನ್ಯ. ಸರಿಯಾಗಿ 2 ಪಟ್ಟು ಬಂದರೆ ಒಂದು ಸರಳನ್ನು ಎರಡು ತುದಿಗೂ 20, 20 ಎಂದು ಎಳೆದಾಗ ಒಳಗಿನ ಬಲ 40 ಎಂದು ಕೂಡಿಸಿರುತ್ತೀರಿ. ಹಗ್ಗಜಗ್ಗಾಟದಲ್ಲಿ ಎರಡು ಕಡೆಯವರೂ ಸಮಸಮ ಎಳೆದರೆ ಹಗ್ಗದೊಳಗಿನ ಬಲ ಒಂದು ಕಡೆಯವರ ಬಲದಷ್ಟೇ. ತನ್ನ ಸ್ವಂತ ಭಾರಕ್ಕೆ ಹಿಗ್ಗುವ ಸರಳಿನಲ್ಲೂ 2 ಪಟ್ಟಿನ ತಪ್ಪು ಬರುತ್ತದೆ. ಅಲ್ಲಿ ಬಲ ಕೆಳತುದಿಯಲ್ಲಿ ಸೊನ್ನೆ, ಮೇಲೆ ಪೂರ್ತಿ ಭಾರ. ಸರಾಸರಿ ಅರ್ಧ ಭಾರ ಹಾಕಬೇಕು.

ಯೂನಿಟ್ಟಿನ ಗೋಜಲಿಗೆ ನನ್ನ ಮದ್ದು ಒಂದೇ. ಎಲ್ಲವನ್ನೂ ನ್ಯೂಟನ್ ಮತ್ತು ಮಿಮೀಗೆ ತನ್ನಿ. ಆಗ ಸ್ಟ್ರೆಸ್ ನೇರವಾಗಿ ಮೆಗಾಪಾಸ್ಕಲಿನಲ್ಲಿ ಬರುತ್ತದೆ. ಉಕ್ಕಿನ ಇ 200000, ಅಲ್ಯುಮಿನಿಯಂದು ಸುಮಾರು 70000. ಲೆಕ್ಕದ ಮಧ್ಯೆ ಮೀಟರಿಗೆ ಹೋಗಿ ಬರಬೇಡಿ.

ಈಗ ನಮ್ಮ ಹುಡುಗನ ಲೆಕ್ಕ. 200 ÷ 5.6 ಸುಮಾರು 36. ಮೇಲಿನ ಯಾವ ಸಂಖ್ಯೆಗೂ ಇದು ಹೊಂದುವುದಿಲ್ಲ. ಹೀಗೆ ಚೊಕ್ಕವಲ್ಲದ ಸಂಖ್ಯೆ ಬಂದರೆ ಎರಡು ಅರ್ಥ. ಒಂದಕ್ಕಿಂತ ಜಾಸ್ತಿ ತಪ್ಪು ಸೇರಿಕೊಂಡಿವೆ, ಇಲ್ಲವೇ ತಪ್ಪು ಅಳತೆಯಲ್ಲಿದೆ. ಇಲ್ಲಿ ಎರಡೂ ಆಗಿತ್ತು.

1.9 ಮಿಮೀ ಯಾರದ್ದು?

"ಈ 1.9 ಎಲ್ಲಿಂದ ಬಂತು?" ಎಂದು ಕೇಳಿದೆ. ಯುಟಿಎಂ ಪಕ್ಕದ ಸ್ಕೇಲ್ ತೋರಿಸಿದ. ಮೇಲಿನ ಮತ್ತು ಕೆಳಗಿನ ಜಾಗಳ (ಜಾ ಅಂದರೆ ಸರಳನ್ನು ಕಚ್ಚಿ ಹಿಡಿಯುವ ಯಂತ್ರದ ದವಡೆ) ನಡುವೆ ಅಂತರ ಎಷ್ಟು ಹೆಚ್ಚಿತು ಎಂದು ಆ ಸ್ಕೇಲ್ ಹೇಳುತ್ತದೆ. ಜಾಗಳ ನಡುವೆ ಇದ್ದ ಸರಳಿನ ಉದ್ದ 250 ಮಿಮೀ. ಅವನು ಭಾಗಿಸಿದ್ದು ಮಾತ್ರ 60ರಿಂದ.

ಇಲ್ಲೇ ಮೊದಲ ತಪ್ಪು. ಹಿಗ್ಗಿದ್ದು ಪೂರ್ತಿ ಸರಳು, ಭಾಗಿಸಿದ್ದು ಅದರ ಒಂದು ತುಂಡಿನಿಂದ. ಯಾವ ಉದ್ದದಲ್ಲಿ ಹಿಗ್ಗುವಿಕೆ ಅಳೆದಿರೋ ಅದೇ ಉದ್ದದಿಂದ ಭಾಗಿಸಬೇಕು. 1.9 ÷ 250 ಮಾಡಿದರೆ ಇ 23 ಗಿಗಾಪಾಸ್ಕಲ್ ಆಗುತ್ತದೆ. 36 ಪಟ್ಟಿನ ತಪ್ಪಿನಲ್ಲಿ 4.17 ಪಟ್ಟು ಕಳೆಯಿತು. ಇನ್ನೂ 8.6 ಪಟ್ಟು ಉಳಿದಿದೆ.

ಎರಡನೆಯದು ಸಡಿಲ. ಜಾಗಳ ಹಲ್ಲು ಸರಳನ್ನು ಕಚ್ಚಿ ಹಿಡಿಯುವವರೆಗೆ ಸ್ವಲ್ಪ ಜಾರುತ್ತದೆ. ಬೆಣೆ ಕೂರುತ್ತದೆ. ಯಂತ್ರದ ಸ್ಕ್ರೂಗಳ ಸಂದು ಮುಚ್ಚುತ್ತದೆ. ಇದೆಲ್ಲ ಶುರುವಿನಲ್ಲೇ ಆಗುತ್ತದೆ. ರೀಡಿಂಗ್ ಪಟ್ಟಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು: 10 ಕಿಲೋನ್ಯೂಟನ್ನಿಗೆ 1.45 ಮಿಮೀ, 20ಕ್ಕೆ 1.90. ಮೊದಲ 10ಕ್ಕೆ 1.45, ಮುಂದಿನ 10ಕ್ಕೆ ಬರೀ 0.45! ಸರಳೊಂದೇ ಹಿಗ್ಗುತ್ತಿದ್ದರೆ ಎರಡೂ ಸಮ ಇರಬೇಕಿತ್ತು, ಅಲ್ವಾ?

ಹಾಗಾಗಿ ಸೊನ್ನೆಯಿಂದ ಲೆಕ್ಕ ಹಾಕಬೇಡಿ. ಗ್ರಾಫ್ ಎಳೆಯಿರಿ. ಶುರುವಿನ ಬಾಗಿದ ಭಾಗ ಬಿಡಿ. ನೇರ ಗೆರೆಯಾದ ಮೇಲೆ ಎರಡು ಬಿಂದು ತೆಗೆದುಕೊಂಡು ವ್ಯತ್ಯಾಸದಿಂದ ಲೆಕ್ಕ ಮಾಡಿ. 10ರಿಂದ 20ಕ್ಕೆ ಸ್ಟ್ರೆಸ್ ಏರಿದ್ದು 88.4 ಮೆಗಾಪಾಸ್ಕಲ್. ಸ್ಟ್ರೇನ್ 0.45 ÷ 250 = 0.0018. ಇ 49 ಗಿಗಾಪಾಸ್ಕಲ್.

"ಮೇಡಂ, ಇನ್ನೂ ಕಾಲು ಭಾಗ ಅಷ್ಟೇ" ಎಂದ. ಹೌದು. ಈಗ ಮೂರನೆಯ ತಪ್ಪು, ಕಣ್ಣಿಗೆ ಕಾಣದ್ದು.

20 ಕಿಲೋನ್ಯೂಟನ್ ಸರಳನ್ನು ಎಳೆಯುವಾಗ ಅದೇ 20 ಯಂತ್ರದ ಕಂಬಗಳನ್ನೂ, ಸ್ಕ್ರೂಗಳನ್ನೂ, ಜಾಗಳನ್ನೂ ಎಳೆದು ಒತ್ತುತ್ತದೆ. ಅವೂ ಉಕ್ಕೇ. ಅವೂ ಸ್ವಲ್ಪ ಹಿಗ್ಗುತ್ತವೆ, ಬಾಗುತ್ತವೆ. ಸ್ಕೇಲ್ ಎಲ್ಲವನ್ನೂ ಕೂಡಿಸಿ ತೋರಿಸುತ್ತದೆ. 10 ಕಿಲೋನ್ಯೂಟನ್ನಿಗೆ ನಮ್ಮ ಸರಳಿನ 250 ಮಿಮೀ ಹಿಗ್ಗಬೇಕಾದದ್ದು 0.11 ಮಿಮೀ. ಸ್ಕೇಲ್ ತೋರಿಸಿದ್ದು 0.45. ಉಳಿದ 0.34 ಯಂತ್ರದ್ದು. ಒಂದರ ಹಿಂದೆ ಒಂದು ಕಟ್ಟಿದ ಎರಡು ಸ್ಪ್ರಿಂಗ್ ಇದ್ದ ಹಾಗೆ.

ಇದು ಬರೀ ಊಹೆ ಅನಿಸಿದರೆ ಪರೀಕ್ಷೆ ಮಾಡಿ ನೋಡಿ. 12 ಮಿಮೀ ಸರಳು ತೆಗೆದು 25 ಮಿಮೀ ಸರಳು ಅಷ್ಟೇ ಉದ್ದಕ್ಕೆ ಹಾಕಿ. ಅದೇ 10 ಕಿಲೋನ್ಯೂಟನ್ನಿಗೆ ಅದು ಹಿಗ್ಗುವುದು 0.03 ಮಿಮೀಗೂ ಕಡಿಮೆ. ತಪ್ಪು ಸರಳಿನದಾಗಿದ್ದರೆ ಸ್ಕೇಲಿನ ರೀಡಿಂಗ್ ನಾಲ್ಕನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯಬೇಕು. ಯಂತ್ರದ್ದಾಗಿದ್ದರೆ 0.37ರ ಆಸುಪಾಸಿಗೆ ಮಾತ್ರ ಇಳಿಯುತ್ತದೆ. ಜಾಗಳ ಹಿಡಿತ ಪ್ರತಿ ಸಲ ಒಂದೇ ಥರ ಇರುವುದಿಲ್ಲ, ಹಾಗಾಗಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೂ ಯಾರ ಪಾಲು ದೊಡ್ಡದು ಎಂದು ಚೆನ್ನಾಗಿ ತಿಳಿಯುತ್ತದೆ.

ಎಕ್ಸ್‌ಟೆನ್ಸೋಮೀಟರ್ ಹಾಕಿದ ಮೇಲೆ

ಮದ್ದು ಎಲ್ಲರಿಗೂ ಗೊತ್ತಿರುವುದೇ. ಸರಳಿನ ಮೈಗೇ ಎಕ್ಸ್‌ಟೆನ್ಸೋಮೀಟರ್ ಕಟ್ಟಬೇಕು. ಅದು ತನ್ನ ಎರಡು ಚೂಪು ತುದಿಗಳ ನಡುವಿನ ಸರಳನ್ನು ಮಾತ್ರ ನೋಡುತ್ತದೆ. ಜಾರಿದ ಜಾ, ಬಾಗಿದ ಅಡ್ಡಪಟ್ಟಿ ಯಾವುದೂ ಅದರ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಇಲ್ಲೂ ಮೂರು ಕಡೆ ಎಡವುತ್ತಾರೆ.

ನಮ್ಮ ಎಕ್ಸ್‌ಟೆನ್ಸೋಮೀಟರಿನ ಗೇಜ್ ಉದ್ದ 50 ಮಿಮೀ. 10ರಿಂದ 20 ಕಿಲೋನ್ಯೂಟನ್ನಿಗೆ ಅದು ಕಾಣಬೇಕಾದದ್ದು 0.022 ಮಿಮೀ. 0.01 ಮಿಮೀ ಲೀಸ್ಟ್ ಕೌಂಟಿನ (ಒಂದು ಮನೆಗೆ 0.01 ಮಿಮೀ) ಡಯಲ್ ಹಾಕಿದರೆ ಮುಳ್ಳು ಎರಡು ಮನೆ ಸರಿಯುತ್ತದೆ. ಒಂದು ಮನೆ ಹೆಚ್ಚುಕಡಿಮೆ ಓದಿದರೆ ಉತ್ತರ ಅರ್ಧದಷ್ಟು ತಪ್ಪು. 0.001 ಲೀಸ್ಟ್ ಕೌಂಟಿನ ಡಯಲ್ ಬೇಕೇ ಬೇಕು. ಡಯಲ್ ಕೈಗೆ ತೆಗೆದುಕೊಳ್ಳುವ ಮೊದಲೇ, ಎಷ್ಟು ಮನೆ ಸರಿಯಬಹುದು ಎಂದು ಲೆಕ್ಕ ಹಾಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಬಾಗು. ಸರಳು ಜಾಗಳಲ್ಲಿ ಕೂದಲೆಳೆಯಷ್ಟು ಓರೆ ಕೂತರೂ ಎಳೆತದ ಜೊತೆ ಬಾಗುವಿಕೆ ಸೇರಿಕೊಳ್ಳುತ್ತದೆ. ಒಂದು ಮಗ್ಗುಲು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ನಮ್ಮಲ್ಲಿ ಆವತ್ತು ಎಡಗಡೆ ಡಯಲ್ ತೋರಿಸಿದ್ದು 0.026, ಬಲಗಡೆಯದ್ದು 0.019. ಎಡಗಡೆಯದನ್ನೊಂದೇ ನಂಬಿದ್ದರೆ ಇ 170 ಬರುತ್ತಿತ್ತು. ಬಲಗಡೆಯದನ್ನೊಂದೇ ನಂಬಿದ್ದರೆ 233. ಎರಡರ ಸರಾಸರಿ 0.0225. ಸ್ಟ್ರೇನ್ 0.00045. ಇ 196 ಗಿಗಾಪಾಸ್ಕಲ್.

ಹುಡುಗ ಮೂರು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ. ಮುಖ ಅರಳಿತು. 5.6ರಿಂದ 23, 23ರಿಂದ 49, 49ರಿಂದ 196. ನಾಲ್ಕನ್ನೂ ರೆಕಾರ್ಡಿನಲ್ಲಿ ಬರೆಯಿಸಿದೆ, ಒಂದನ್ನೂ ಅಳಿಸದೆ.

ಮೂರನೆಯದು ಜೋಪಾನದ ಮಾತು. ಯೀಲ್ಡ್ ಹತ್ತಿರ ಬರುವ ಮೊದಲೇ ಎಕ್ಸ್‌ಟೆನ್ಸೋಮೀಟರ್ ಬಿಚ್ಚಿ. ಸರಳು ತುಂಡಾಗುವ ಏಟಿಗೆ ಅದು ಉಳಿಯುವುದಿಲ್ಲ. ಸ್ಟ್ರೇನ್ ಗೇಜ್ (ಮೇಲ್ಮೈಗೆ ಅಂಟಿಸಿ ಸ್ಟ್ರೇನ್ ಅಳೆಯುವ ಸಣ್ಣ ಪಟ್ಟಿ) ಅಂಟಿಸುವವರಿಗೂ ಒಂದು ಮಾತು: ಜಾ ಹತ್ತಿರ, ತೂತಿನ ಹತ್ತಿರ ಅಂಟಿಸಬೇಡಿ. ಅಲ್ಲಿ ಸ್ಟ್ರೆಸ್ ಒಂದೇ ಸಮ ಹರಡಿರುವುದಿಲ್ಲ. ಅಗಲವಾದ ಪಟ್ಟಿಯಲ್ಲಿ ಒಂದು ದುಂಡು ತೂತು ಇದ್ದರೆ ಅದರ ಅಂಚಿನಲ್ಲಿ ಸ್ಟ್ರೆಸ್ ಸರಾಸರಿಯ 3 ಪಟ್ಟು ಇರುತ್ತದೆ. ಪಟ್ಟಿಯ ಅಗಲದಷ್ಟಾದರೂ ದೂರ ಸರಿದು ಅಂಟಿಸಿ.

ಕಾಗದದ ಮೇಲೇ ತಪ್ಪಿದ್ದರೆ

ಪರೀಕ್ಷೆಯ ಲೆಕ್ಕದಲ್ಲಿ ಯಂತ್ರವಿಲ್ಲ, ಜಾರುವಿಕೆ ಇಲ್ಲ. ಅಲ್ಲಿ ತಪ್ಪುವುದು ಹೆಚ್ಚಾಗಿ ಪಿ. ಹೊರಗೆ ಬಾಣದ ಗುರುತಿನಲ್ಲಿ ಬರೆದ ಲೋಡನ್ನೇ ಮಕ್ಕಳು ಪಿ ಅಂದುಕೊಳ್ಳುತ್ತಾರೆ. ಸೂತ್ರಕ್ಕೆ ಬೇಕಾಗಿರುವುದು ಆ ತುಂಡಿನ ಒಳಗೆ ಹರಿಯುವ ಬಲ.

ಒಂದು ಉದಾಹರಣೆ. ಎಡಗಡೆ ಗೋಡೆಗೆ ಬಿಗಿದ ಉಕ್ಕಿನ ಸರಳು. ಗೋಡೆ ಕಡೆಯ ತುಂಡು 600 ಮಿಮೀ ಉದ್ದ, 500 ಚದರ ಮಿಮೀ. ಮುಂದಿನದು 400 ಮಿಮೀ ಉದ್ದ, 300 ಚದರ ಮಿಮೀ. ತುದಿಯಲ್ಲಿ ಹೊರಕ್ಕೆ 30 ಕಿಲೋನ್ಯೂಟನ್ ಎಳೆತ. ಎರಡು ತುಂಡು ಕೂಡುವಲ್ಲಿ ಗೋಡೆ ಕಡೆಗೆ 50 ಕಿಲೋನ್ಯೂಟನ್ ತಳ್ಳು.

ಹೆಚ್ಚಿನವರು ಮೊದಲ ತುಂಡಿಗೆ 50, ಎರಡನೆಯದಕ್ಕೆ 30 ಹಾಕಿ, ಎರಡನ್ನೂ ಕೂಡಿ 0.5 ಮಿಮೀ ಹಿಗ್ಗಿತು ಎನ್ನುತ್ತಾರೆ. ಈಗ ಹೀಗೆ ಮಾಡಿ. ಮೊದಲ ತುಂಡನ್ನು ಮನಸ್ಸಿನಲ್ಲೇ ಗರಗಸದಿಂದ ಕೊಯ್ಯಿರಿ. ಬಲಗಡೆ ಉಳಿದ ಭಾಗದ ಮೇಲೆ ಏನೇನಿದೆ ನೋಡಿ. ಹೊರಕ್ಕೆ 30, ಒಳಕ್ಕೆ 50. ಒಟ್ಟು ಒಳಕ್ಕೆ 20. ಅಂದರೆ ಮೊದಲ ತುಂಡು ಎಳೆತದಲ್ಲಿಲ್ಲ, 20 ಕಿಲೋನ್ಯೂಟನ್ ಒತ್ತಿನಲ್ಲಿದೆ. ಅದು 0.12 ಮಿಮೀ ಕುಗ್ಗುತ್ತದೆ. ಎರಡನೆಯದು 0.20 ಹಿಗ್ಗುತ್ತದೆ. ತುದಿ ಸರಿದದ್ದು 0.08 ಮಿಮೀ. 0.5ಕ್ಕೂ 0.08ಕ್ಕೂ ಎಷ್ಟು ಅಂತರ ನೋಡಿ!

ಪ್ರತಿ ತುಂಡಿಗೂ ಒಂದು ಕೊಯ್ತ. ಲೋಡು ಬದಲಾದಲ್ಲಿ, ದಪ್ಪ ಬದಲಾದಲ್ಲಿ, ವಸ್ತು ಬದಲಾದಲ್ಲಿ ಹೊಸ ತುಂಡು. ಎಳೆತಕ್ಕೆ ಕೂಡು, ಒತ್ತಿಗೆ ಕಳೆ. ಇಷ್ಟು ಮಾಡಿದರೆ ಈ ಪಾಠದ ಅರ್ಧ ಲೆಕ್ಕ ಬಗೆಹರಿಯುತ್ತದೆ.

ಎ ಕೂಡ ಮೋಸ ಮಾಡುತ್ತದೆ

ಟಿಎಂಟಿ ಕಂಬಿಗೆ, ಅಂದರೆ ಕಾಂಕ್ರೀಟಿಗೆ ಹಾಕುವ ಏಣುಗಳಿರುವ ಕಂಬಿಗೆ, ವರ್ನಿಯರ್ ಹಾಕಿ ವ್ಯಾಸ ಅಳೆಯುವವರನ್ನು ನೋಡಿದ್ದೇನೆ. ಏಣುಗಳ ಮೇಲೆ ಕೂತ ವರ್ನಿಯರ್ 12ರ ಕಂಬಿಗೆ 13 ತೋರಿಸುತ್ತದೆ. ವಿಸ್ತೀರ್ಣ ಶೇ. 17ರಷ್ಟು ಜಾಸ್ತಿಯಾಯಿತು, ಸ್ಟ್ರೆಸ್ ಶೇ. 15ರಷ್ಟು ಕಡಿಮೆ ಕಂಡಿತು. ಕಂಬಿಯ ವಿಸ್ತೀರ್ಣ ತಕ್ಕಡಿಯಲ್ಲಿ ಸಿಗುತ್ತದೆ. ಇಂಥ ಕಂಬಿಗಳ ಭಾರತೀಯ ಮಾನಕ ಐಎಸ್ 1786 ಹೇಳುವುದೂ ಅದನ್ನೇ: ಕಿಲೋಗ್ರಾಮಿನಲ್ಲಿ ತೂಕವನ್ನು 0.00785 ಮತ್ತು ಮೀಟರಿನಲ್ಲಿ ಉದ್ದ, ಎರಡರ ಗುಣಲಬ್ಧದಿಂದ ಭಾಗಿಸಿ. ಅರ್ಧ ಮೀಟರಿನ ತುಂಡು 430 ಗ್ರಾಂ ತೂಗಿದರೆ 0.430 ÷ (0.00785 × 0.5) = 109.6 ಚದರ ಮಿಮೀ. ಹೆಸರಿಗೆ 113.1, ಇರುವುದು ಶೇ. 3ರಷ್ಟು ಕಡಿಮೆ. 12 ಮಿಮೀ ಕಂಬಿಯ ಒಂದು ಕಂತಿಗೆ (ಲಾಟ್) ಶೇ. 5ರವರೆಗೆ ಹೆಚ್ಚುಕಡಿಮೆಗೆ ಅವಕಾಶ ಇದೆ, ಹಾಗಾಗಿ ಗಾಬರಿ ಬೇಡ. ಸೈಟಿನಲ್ಲಿ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ ಮೀಟರ್ ತೂಕ ಹೇಳುತ್ತಾರಲ್ಲ, ಅದು ಇದೇ ಲೆಕ್ಕದ ಇನ್ನೊಂದು ಮುಖ.

ಥ್ರೆಡ್ ಇರುವ ಬೋಲ್ಟಿನಲ್ಲಿ ಹೊರ ವ್ಯಾಸ ಹಾಕಬಾರದು. ಎಂ12, ಅಂದರೆ 12 ಮಿಮೀ ಹೊರ ವ್ಯಾಸದ ಬೋಲ್ಟಿನ ಸ್ಟ್ರೆಸ್ ಏರಿಯಾ (ಥ್ರೆಡ್ಡಿನಲ್ಲಿ ಬಲ ಹೊರುವ ವಿಸ್ತೀರ್ಣ) 84.3 ಚದರ ಮಿಮೀ. 113.1 ಹಾಕಿದವರಿಗೆ ನಿಜವಾದ ಸ್ಟ್ರೆಸ್ ಮೂರನೇ ಒಂದು ಭಾಗ ಜಾಸ್ತಿ ಇದೆ ಎಂಬುದು ಗೊತ್ತೇ ಆಗುವುದಿಲ್ಲ.

ತಂತಿ ಹಗ್ಗದಲ್ಲಿ ಬೇರೆ ತೊಂದರೆ. ತಂತಿಗಳ ವಿಸ್ತೀರ್ಣ ಸರಿಯಾಗಿ ಹಾಕಿ, ಇ 200000 ಹಾಕಿದರೂ ಹಗ್ಗ ಲೆಕ್ಕಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಹೆಣೆದ ಎಳೆಗಳು ಮೊದಲು ಬಿಗಿಯಾಗಿ ಕೂರುತ್ತವೆ, ಸುರುಳಿ ನೀಳವಾಗುತ್ತದೆ, ಆಮೇಲೆ ಲೋಹ ಹಿಗ್ಗುತ್ತದೆ. ಹಗ್ಗಕ್ಕೆ ತಯಾರಕರು ಕೊಡುವ ಇ ಬೇರೆಯೇ ಇರುತ್ತದೆ. ಅದನ್ನೇ ಬಳಸಿ.

ಹಿಗ್ಗದೆಯೂ ಸ್ಟ್ರೆಸ್, ಸ್ಟ್ರೆಸ್ ಇಲ್ಲದೆಯೂ ಹಿಗ್ಗು

"ಸ್ಟ್ರೇನ್ ಗೇಜ್ ಸೊನ್ನೆ ತೋರಿಸುತ್ತಿದೆ, ಹಾಗಾದರೆ ಸ್ಟ್ರೆಸ್ಸೂ ಸೊನ್ನೆ ತಾನೇ?" ಈ ಪ್ರಶ್ನೆಗೆ ಉತ್ತರ ರೈಲು ಹಳಿಯಲ್ಲಿದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹಳಿ ಮುಟ್ಟಿದರೆ ಕೈ ಸುಡುತ್ತದೆ. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 30 ಡಿಗ್ರಿ ಕಾದರೆ, ಬಿಟ್ಟಿಟ್ಟ ಒಂದು ಕಿಲೋಮೀಟರ್ ಹಳಿ 36 ಸೆಂಮೀ ಉದ್ದವಾಗುತ್ತದೆ, ಸ್ಟ್ರೆಸ್ ಇಲ್ಲ. ಅದೇ ಹಳಿಯನ್ನು ಬೆಸೆದು ಸ್ಲೀಪರಿಗೆ ಬಿಗಿದರೆ ಮಧ್ಯದ ಭಾಗ ಒಂದು ಮಿಮೀ ಕೂಡ ಸರಿಯುವುದಿಲ್ಲ. ಆದರೆ 200000 × 0.000012 × 30 = 72 ಮೆಗಾಪಾಸ್ಕಲ್ ಒತ್ತು ಕೂತಿರುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯ ವಿಸ್ತೀರ್ಣ, ಮೇಲಿನ ತಕ್ಕಡಿ ಲೆಕ್ಕದಿಂದಲೇ, ಸುಮಾರು 7640 ಚದರ ಮಿಮೀ. ಬಲ 550 ಕಿಲೋನ್ಯೂಟನ್, ಅಂದರೆ ಸುಮಾರು 56 ಟನ್. ಉದ್ದ ಎಷ್ಟೇ ಇರಲಿ, ಇದು ಬದಲಾಗುವುದಿಲ್ಲ.

ಆದ್ದರಿಂದ ಬಿಸಿಲು ಬೀಳುವ ಜಾಗದಲ್ಲಿ ಅಳೆದ ಹಿಗ್ಗುವಿಕೆ ಲೆಕ್ಕಕ್ಕೆ ಹೊಂದದಿದ್ದರೆ ಮೊದಲು ಥರ್ಮಾಮೀಟರ್ ತನ್ನಿ. ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಒಂದು ರೀಡಿಂಗ್ ತೆಗೆದು ವ್ಯತ್ಯಾಸವನ್ನೆಲ್ಲ ಲೋಡಿನ ತಲೆಗೆ ಕಟ್ಟಬೇಡಿ.

ಕಾಂಕ್ರೀಟ್ ಕಂಬದಲ್ಲಿ ಹೊಂದದಿದ್ದರೆ ಕಾರಣ ಸಾಮಾನ್ಯವಾಗಿ ಕಾಲ. ಕಾಂಕ್ರೀಟ್ ಲೋಡಿನ ಕೆಳಗೆ ವರ್ಷಗಟ್ಟಲೆ ನಿಧಾನ ಕುಗ್ಗುತ್ತಲೇ ಇರುತ್ತದೆ. ಕಾಂಕ್ರೀಟ್ ಹಾಕಿದ 28 ದಿನಕ್ಕೆ ಲೋಡು ಬಿದ್ದರೆ ಕ್ರೀಪ್ ಕೋಎಫಿಶಿಯಂಟ್ (ಈ ನಿಧಾನ ಕುಗ್ಗುವಿಕೆ ಮೊದಲ ಕುಗ್ಗುವಿಕೆಯ ಎಷ್ಟು ಪಟ್ಟು ಎಂಬ ಸಂಖ್ಯೆ) 1.6 ಎನ್ನುತ್ತದೆ ಕಾಂಕ್ರೀಟಿನ ಮಾನಕ ಐಎಸ್ 456. ಅಂದರೆ ಮೊದಲ ದಿನ 1 ಮಿಮೀ ಕುಗ್ಗಿದ್ದು ಕೊನೆಗೆ ಸುಮಾರು 2.6 ಆಗುತ್ತದೆ.

ಗಟ್ಟಿ ಕಂಬಿ, ಇಳಿದ ಅಟ್ಟ

ಕೊನೆಗೆ ಒಂದು ಅಂಗಡಿಯ ಅಟ್ಟದ ಕಥೆ. ಇದರಲ್ಲಿ ಮೇಲಿನ ಎಷ್ಟೋ ತಪ್ಪುಗಳು ಒಟ್ಟಿಗೆ ಸಿಕ್ಕವು.

ಮೇಲಿನ ಚಾನೆಲ್‌ಗಳಿಂದ (ಉಕ್ಕಿನ ತೊಲೆಗಳಿಂದ) ನಾಲ್ಕು ಸರಳು ಇಳಿಬಿಟ್ಟು ಅಟ್ಟ ತೂಗುಹಾಕಿದ್ದರು. ಪ್ರತಿ ಸರಳು 3 ಮೀಟರ್. ನಕ್ಷೆಯಲ್ಲಿ ಇದ್ದದ್ದು 16 ಮಿಮೀ ಮೈಲ್ಡ್ ಸ್ಟೀಲ್. ಹಾಕಿದ್ದು 12 ಮಿಮೀ ಎಫ್‌ಇ 500, ಅಂದರೆ 500 ಮೆಗಾಪಾಸ್ಕಲಿಗೆ ಯೀಲ್ಡ್ ಆಗುವ ಟಿಎಂಟಿ ಕಂಬಿ. "ಇದು ಎರಡು ಪಟ್ಟು ಗಟ್ಟಿ ಮೇಡಂ, ಇನ್ನೂ ಕಡಿಮೆ ಹಿಗ್ಗಬೇಕು" ಎಂದರು ಕೆಲಸ ಮಾಡಿಸಿದವರು. ಸರಕು ತುಂಬಿದ ಮೇಲೆ ಅಟ್ಟ ಮೂರು ಮೂಲೆಯಲ್ಲಿ 3 ಮಿಮೀ, ಒಂದು ಮೂಲೆಯಲ್ಲಿ 7 ಮಿಮೀ ಇಳಿದಿತ್ತು.

ಗಟ್ಟಿ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸಿದ್ದು. 250 ಆಗಲಿ 500 ಆಗಲಿ, ಅದು ಎಲ್ಲಿ ಯೀಲ್ಡ್ ಆಗುತ್ತದೆ ಎಂದು ಹೇಳುತ್ತದೆ. ಎಷ್ಟು ಹಿಗ್ಗುತ್ತದೆ ಎಂದು ಹೇಳುವುದು ಇ. ಅದು ಎರಡಕ್ಕೂ ಒಂದೇ, 200000. ಒಂದು ಸರಳಿಗೆ 20 ಕಿಲೋನ್ಯೂಟನ್ ಹಾಕಿ ನೋಡಿ. 16ರ ಸರಳು 1.49 ಮಿಮೀ ಹಿಗ್ಗುತ್ತದೆ. 12ರದ್ದು 2.65. ಹಾಗಾಗಿ ಮೂರು ಮೂಲೆಯ 3 ಮಿಮೀ ಸರಿಯಾಗಿಯೇ ಇತ್ತು.

ಅದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ತುದಿಯ ಥ್ರೆಡ್. ಟಿಎಂಟಿ ಕಂಬಿಯ ಹೊರ ಪದರ ಗಡುಸು, ಒಳಗಿನ ತಿರುಳು ಮೆತು. ಥ್ರೆಡ್ ಕೊರೆದರೆ ಆ ಗಡುಸು ಪದರವೇ ಹೋಗುತ್ತದೆ. ವಿಸ್ತೀರ್ಣ 84.3ಕ್ಕೆ ಇಳಿದು ಸ್ಟ್ರೆಸ್ 237 ಮೆಗಾಪಾಸ್ಕಲ್ ಆಗಿತ್ತು, ಅದೂ 500 ಎಂದು ನಂಬಲಾಗದ ಉಕ್ಕಿನಲ್ಲಿ. ಸರಕು ಇಳಿಸಿ, ಕೆಳಗೆ ಜಾಕಿ ಕೊಟ್ಟ ಮೇಲೇ ಮುಂದಿನ ಮಾತು ಎಂದೆ.

ಇನ್ನು ಆ 7 ಮಿಮೀ. ಸರಳು ಅಷ್ಟು ಹಿಗ್ಗಬೇಕಾದರೆ ಲೋಡು 53 ಕಿಲೋನ್ಯೂಟನ್ ಬೇಕು, ಬೇರೆ ಮೂಲೆಗಳ ಎರಡೂವರೆ ಪಟ್ಟು. ಸರಕನ್ನು ಹಾಗೆ ಒಂದೇ ಕಡೆ ಒಟ್ಟಿರಲಿಲ್ಲ. ಏಣಿ ಹತ್ತಿ ನೋಡಿದಾಗ ಕಂಡಿತು. ನಟ್ಟಿನ ಕೆಳಗಿನ 6 ಮಿಮೀ ಪ್ಲೇಟ್ ಎರಡು ಚಾನೆಲ್‌ಗಳ ಸಂದಿನಲ್ಲಿ ಊಟದ ತಟ್ಟೆಯ ಹಾಗೆ ಗುಳಿಬಿದ್ದಿತ್ತು. ಸ್ಕೇಲ್ ಇಟ್ಟರೆ ಗುಳಿಯ ಆಳ 4 ಮಿಮೀಗೂ ಸ್ವಲ್ಪ ಜಾಸ್ತಿ. ಸರಳು ತನ್ನ ಪಾಲಿನ 2.65 ಮಾತ್ರ ಹಿಗ್ಗಿತ್ತು. ಅದು ನೇತಾಡುತ್ತಿದ್ದ ಜಾಗವೇ ಇಳಿದಿತ್ತು. ಲ್ಯಾಬಿನ ಯಂತ್ರದ 0.34 ನೆನಪಿಗೆ ಬಂತು.

ನಕ್ಷೆಯಲ್ಲಿದ್ದ 16ರ ಮೈಲ್ಡ್ ಸ್ಟೀಲ್ ಸರಳೇ ತರಿಸಿ ಹಾಕಿದರು, ಪ್ಲೇಟ್ ದಪ್ಪದ್ದು. ಇದರ ಥ್ರೆಡ್ಡಿನಲ್ಲಿ ವಿಸ್ತೀರ್ಣ 157, ಸ್ಟ್ರೆಸ್ 127 ಮೆಗಾಪಾಸ್ಕಲ್. ಮಟ್ಟ ಮಾಡುವಾಗ ಮಾತ್ರ ನಟ್ಟನ್ನು ಮನಸ್ಸಿಗೆ ಬಂದಷ್ಟು ತಿರುಗಿಸಬೇಡಿ ಎಂದು ಹೇಳಿ ಬಂದೆ. ಎಂ16 ಥ್ರೆಡ್ಡಿನ ಪಿಚ್, ಅಂದರೆ ಒಂದು ಸುತ್ತಿಗೆ ನಟ್ಟು ಸರಿಯುವ ದೂರ, 2 ಮಿಮೀ. ಅರ್ಧ ಸುತ್ತಿಗೆ 1 ಮಿಮೀ. ಅಟ್ಟ ಮೇಲೇಳದೆ ಗಟ್ಟಿಯಾಗಿ ನಿಂತಿದ್ದರೆ ಆ 1 ಮಿಮೀ ಪೂರ್ತಿ ಸರಳೇ ಹಿಗ್ಗಬೇಕು: 3000ಕ್ಕೆ 1, ಅಂದರೆ 67 ಮೆಗಾಪಾಸ್ಕಲ್, 13 ಕಿಲೋನ್ಯೂಟನ್‌ಗೂ ಜಾಸ್ತಿ ಬಲ. ಅಷ್ಟು ಭಾರ ಆ ಮೂಲೆಗೆ ಬಂದು, ಪಕ್ಕದ ಮೂಲೆಗಳು ಹಗುರವಾಗುತ್ತವೆ. ಕಾಲು ಸುತ್ತು, ಮಟ್ಟ ನೋಡು, ಮುಂದಿನ ಮೂಲೆ, ಮತ್ತೆ ಕಾಲು ಸುತ್ತು. ಸಂಜೆಯವರೆಗೆ ಹಿಡಿಯಿತು.